ಮೊಳೆಗೆ ಮರಳದ ತಂತಿ

ಹೋಟೆಲಿನ ಮೇಲಿನ ಮಹಡಿಯ ಸಭಾಂಗಣದ ಬಾಗಿಲಲ್ಲಿ ಟೈಲ್ಸ್ ಅಂಗಡಿಯ ಯಜಮಾನ ಒಂದು ಬುಟ್ಟಿ ಹಿಡಿದು ನಿಂತಿದ್ದ. ಒಳಗೆ ಬರುವವರೆಲ್ಲ ತಮ್ಮ ಮೊಬೈಲನ್ನು ಅದರೊಳಗೆ ಹಾಕಿಯೇ ಮುಂದೆ ಹೋಗಬೇಕು. ಸೇವಾ ಕ್ಲಬ್ಬಿನ ಮಧ್ಯಾಹ್ನದ ಊಟದ ಸಭೆಗೆ ಅದೇ ಕಟ್ಟಳೆ. ಅಧ್ಯಕ್ಷರು ಗಂಟೆ ಹೊಡೆದ ಮೇಲೆ, ಇನ್ನೊಮ್ಮೆ ಗಂಟೆ ಹೊಡೆಯುವ ತನಕ ಯಾರೂ ಏಳುವಂತಿಲ್ಲ, ಪಿಸುಗುಡುವಂತಿಲ್ಲ. ತಪ್ಪಿದವರಿಗೆ ದಂಡ ಹಾಕುವವನು ಈ ಟೈಲ್ಸ್ ಯಜಮಾನ. ಅದಕ್ಕೇ ಎಲ್ಲರೂ ಅವನನ್ನು ದಂಡಾಧಿಕಾರಿ ಎನ್ನುತ್ತಿದ್ದರು. ದಂಡ ಹಾಕುವುದು ಅವನಿಗೆ ಕೆಲಸಕ್ಕಿಂತ ಹೆಚ್ಚಾಗಿ ಸಂತೋಷ.

"ಹಾಕಿ ಮೇಸ್ತ್ರಿ, ಹಾಕಿ. ಇವತ್ತು ನೀವು ಭಾಷಣಕಾರರು ಇರಬಹುದು. ಬುಟ್ಟಿಗೆ ಮಾತ್ರ ದೊಡ್ಡೋರು ಚಿಕ್ಕೋರು ಅಂತಿಲ್ಲ."

ಲಿಫ್ಟ್ ಮೇಸ್ತ್ರಿ ನಕ್ಕು ಮೊಬೈಲು ಹಾಕಿದ. ಕೋಟು ಹೊಸದು, ಕಂಕುಳಲ್ಲಿ ಹಿಡಿಯುತ್ತಿತ್ತು. ಊರಿನ ಅರ್ಧಕ್ಕರ್ಧ ಲಿಫ್ಟುಗಳು ಅವನ ಅಂಗಡಿಯ ಆರೈಕೆಯಲ್ಲೇ ಓಡುತ್ತಿದ್ದವು. ಅಪ್ಪ ಶುರುಮಾಡಿದ ಅಂಗಡಿ. ಈಗ ಅವನು ಮತ್ತು ಅವನ ಅಕ್ಕ ನಡೆಸುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷರಾದ ಕಣ್ಣಿನ ಡಾಕ್ಟರ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವವನೂ ಇವನೇ. "ವ್ಯಾಪಾರದಲ್ಲಿ ನಂಬಿಕೆ ಅಂದ್ರೆ ಏನು ಅಂತ ನಮ್ಮವರಿಗೆ ನೀವು ಬಂದು ಹೇಳಬೇಕು, ಪುಸ್ತಕ ಓದಿದವರು ಹೇಳಿ ಸಾಕಾಗಿದೆ" ಎಂದು ಡಾಕ್ಟರು ತಾವೇ ಅಂಗಡಿಗೆ ಬಂದು ಕರೆದಿದ್ದರು. ಮಾತು ಮುಗಿದ ಮೇಲೆ ಕ್ಲಬ್ಬಿನ ಫಲಕವನ್ನು ಕೊಡುವವರು ಡಾಕ್ಟರ ತಾಯಿ. ಗಾಲಿಕುರ್ಚಿಯಲ್ಲಿ ಓಡಾಡುವ ಹಿರಿಯ ಜೀವ. ಊಟದ ಗಲಾಟೆಯೆಲ್ಲ ಅವರಿಗಾಗದು, ಕೊನೆಗೆ ಬರುತ್ತಾರೆ ಎಂದು ಮೊದಲೇ ಹೇಳಿದ್ದರು.

ಮೇಸ್ತ್ರಿಗೆ ಊಟ ಸೇರಲಿಲ್ಲ. ಸೂಪು ತಟ್ಟೆಯಲ್ಲೇ ಆರಿತು. ಎದುರಿಗೆ ಕೂತವರ ಮಾತಿಗೆ ಹೂಂಗುಟ್ಟುತ್ತ, ಮನಸ್ಸಿನೊಳಗೆ ಭಾಷಣದ ಸಾಲುಗಳನ್ನು ಜಪದ ಹಾಗೆ ತಿರುಗಿಸುತ್ತಿದ್ದ. ಅಪ್ಪ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಹಗ್ಗಗಳ ಲಯಕ್ಕೆ ಪದ್ಯ ಹೇಳಿಕೊಳ್ಳುತ್ತ ಕೆಲಸ ಮಾಡುತ್ತಿದ್ದವನು. ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಕೀಲಿಗೆ ಎಣ್ಣೆ. ಮಗನಿಗೆ ಪದ್ಯ ಬರಲಿಲ್ಲ, ಕಿವಿ ಮಾತ್ರ ಬಂತು. ಕೇಳಿದ್ದನ್ನು ಮರೆಯದ ಕಿವಿ.

ಗಂಟೆ ಹೊಡೆಯಿತು. ಡಾಕ್ಟರು ಅವನನ್ನು ಪರಿಚಯಿಸಿದರು. ಚಪ್ಪಾಳೆಯಾಯಿತು. ಅವನು ಎದ್ದು ನಿಂತ.

"ನಾನು ಮಾತುಗಾರ ಅಲ್ಲ," ಎಂದು ಶುರುಮಾಡಿದ. "ನೀವೆಲ್ಲ ದಿನಾ ಲಿಫ್ಟ್ ಹತ್ತುತೀರಿ. ಹತ್ತುವಾಗ ಯಾರಾದ್ರೂ ನನ್ನ ನೆನೀತೀರಾ? ಇಲ್ಲ. ನೆನೀಬಾರದು ಕೂಡ. ನೆನೆದ್ರಿ ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ."

ಜನ ನಕ್ಕರು. ಆ ನಗು ಅವನ ಬೆನ್ನು ತಟ್ಟಿದ ಹಾಗಾಯಿತು. ಕೋಟಿನ ಬಿಗಿತ ಸ್ವಲ್ಪ ಸಡಿಲವಾಯಿತು.

"ನಮ್ಮ ಕೆಲಸದಲ್ಲಿ ಒಂದು ತಂತಿ ಇದೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ಸುಳ್ಳುತಂತಿ ಅಂತೀವಿ. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚಿ, ಕೊಂಡಿ ಕೂತ ಮೇಲೇನೇ ಅದು ಅಲುಗೋದು, ಅಲ್ವಾ? ಆದ್ರೆ ಆ ಕೊಂಡೀನೇ ಕೆಟ್ಟಿದ್ರೆ, ರಿಪೇರಿ ಮಾಡೋಕೆ ನಾವು ಲಿಫ್ಟನ್ನ ಓಡಿಸಿ ನೋಡ್ಬೇಕು. ಆಗ ಈ ತಂತಿ ಸಿಕ್ಕಿಸ್ತೀವಿ. 'ಬಾಗಿಲು ಮುಚ್ಚಿದೆ ಕಣಪ್ಪ' ಅಂತ ಲಿಫ್ಟಿಗೆ ಸುಳ್ಳು ಹೇಳುತ್ತೆ ಅದು. ಬಾಗಿಲು ತೆಗೆದಿದ್ರೂ ಲಿಫ್ಟು ಓಡುತ್ತೆ. ಕೆಲಸ ಮುಗೀತಾ, ತಂತಿ ತೆಗೀಬೇಕು. ಮರೆತ್ರೆ..."

ಅವನು ಬೇಕೆಂದೇ ನಿಲ್ಲಿಸಿದ. ಚಮಚಗಳ ಸದ್ದೂ ನಿಂತಿತ್ತು.

"ಮರೆತ್ರೆ, ಒಬ್ಬರು ಹೊಸ್ತಿಲ ಮೇಲೆ ಒಂದು ಕಾಲಿಟ್ಟಿರ್ತಾರೆ, ಇನ್ನೊಂದು ಮಹಡೀಲಿ ಇನ್ಯಾರೋ ಗುಂಡಿ ಒತ್ತುತಾರೆ. ಲಿಫ್ಟು ಹೊರಟುಬಿಡುತ್ತೆ. ಮುಂದಿಂದು ನಾನು ಹೇಳಲ್ಲ, ನೀವು ಊಟ ಮಾಡಿ ಕೂತಿದೀರಿ. ಅದಕ್ಕೇ ನಮ್ಮಪ್ಪ ಒಂದು ಕಟ್ಟಳೆ ಮಾಡಿದ. ಅಂಗಡಿ ಗೋಡೆ ಮೇಲೆ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಮೊಳೆ. ಅವನ ತಂತಿ ಅವನ ಮೊಳೆಗೇ. ಉದ್ದ ಕೆಂಪು ಪಟ್ಟಿ ಕಟ್ಟಿರುತ್ತೆ, ಕಣ್ಣಿಗೆ ಹೊಡೆಯೋ ಹಾಗೆ. ಎಲ್ಲ ಮೊಳೆ ತುಂಬೋ ತನಕ ಅಂಗಡೀಲಿ ಯಾರೂ ಊಟಕ್ಕೆ ಕೂರಲ್ಲ. ನಮ್ಮಕ್ಕ ಕೂರಿಸಲ್ಲ. ಇಷ್ಟೇ ಸ್ವಾಮಿ, ನಂಬಿಕೆ ಅಂದ್ರೆ ನನಗೆ ಗೊತ್ತಿರೋದು. ನೋಡಿ, ನಿಮಗೆ ತೋರಿಸೋಣ ಅಂತಲೇ ನನ್ನ ತಂತಿ ತಂದಿದೀನಿ."

ಕೋಟಿನ ಎಡ ಜೇಬಿಗೆ ಕೈ ಹಾಕಿದ.

ಜೇಬಿನಲ್ಲಿ ಕರವಸ್ತ್ರ ಇತ್ತು. ಬಲ ಜೇಬಿನಲ್ಲಿ ಭಾಷಣದ ಚೀಟಿ ಇತ್ತು. ಒಳಜೇಬಿನ ಹೊಲಿಗೆಯನ್ನು ದರ್ಜಿ ಬಿಚ್ಚಿಯೇ ಇರಲಿಲ್ಲ.

ಜನ ಕಾದರು. ಯಾರೋ, "ಮೇಸ್ತ್ರಿ, ಮೊಲ ತೆಗೀತೀರಾ, ಪಾರಿವಾಳಾನಾ?" ಎಂದರು. ಮತ್ತೆ ನಗು.

ಅವನೂ ನಕ್ಕ. ನಗುತ್ತಲೇ ಎಡ ಜೇಬನ್ನು ಇನ್ನೊಮ್ಮೆ ತಡವಿದ.

ಬೆಳಿಗ್ಗೆ ಇದೇ ಹೋಟೆಲಿನ ಲಿಫ್ಟಿಗೆ ಅವನೇ ಬಂದಿದ್ದ. ಎಳೆದು ಮುಚ್ಚುವ ಜಾಲರಿ ಬಾಗಿಲಿನ ಹಳೇ ಲಿಫ್ಟು. ಕೆಳಗಿನ ಬಾಗಿಲಿನ ಕೊಂಡಿ ಸರಿಯಾಗಿ ಕೂರುತ್ತಿಲ್ಲ, ನಡುನಡುವೆ ನಿಲ್ಲುತ್ತದೆ ಎಂದು ಮ್ಯಾನೇಜರು ಹೇಳಿದ್ದ. ತನ್ನ ಭಾಷಣದ ದಿನ, ತಾನು ನೋಡಿಕೊಳ್ಳುವ ಲಿಫ್ಟು ನಿಂತರೆ ಮುಖ ಎಲ್ಲಿಡುವುದು? ಹುಡುಗರನ್ನು ಕಳಿಸದೆ ತಾನೇ ಬಂದ. ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ ಪೆಟ್ಟಿಗೆ ತೆರೆದ, ತಂತಿ ಸಿಕ್ಕಿಸಿದ, ಕೆಳಗಿಳಿದು ಕೊಂಡಿ ಸರಿಮಾಡಿದ, ಮತ್ತೆ ಮೇಲೆ ಹೋದ. ಅಷ್ಟರಲ್ಲಿ ಮ್ಯಾನೇಜರು ಮೆಟ್ಟಿಲ ಕೆಳಗಿಂದ ಕೂಗಿದ್ದ: "ಮೇಸ್ತ್ರಿ, ಡಾಕ್ಟರು ಬಂದ್ರು! ಬಟ್ಟೆ ಬದಲಾಯಿಸೋದಿಲ್ವಾ?"

ಆಮೇಲೆ? ಪೆಟ್ಟಿಗೆಯ ಬಾಗಿಲು ಮುಚ್ಚಿದ್ದು ನೆನಪಿದೆ. ತಂತಿ ತೆಗೆದದ್ದು ನೆನಪಿಲ್ಲ. ಆ ಜಾಗದಲ್ಲಿ ನೆನಪಿಗೆ ಬರುತ್ತಿರುವುದು ಭಾಷಣದ ಸಾಲು: ಇಷ್ಟೇ ಸ್ವಾಮಿ, ನಂಬಿಕೆ ಅಂದ್ರೆ ನನಗೆ ಗೊತ್ತಿರೋದು.

ಕೆಲಸದ ಬಟ್ಟೆಯ ಚೀಲ ಮ್ಯಾನೇಜರ ಕೋಣೆಯಲ್ಲಿದೆ. ಅದರೊಳಗಿರಬಹುದು. ಇರಲೇಬೇಕು.

ಅಷ್ಟರಲ್ಲಿ ಬಾಗಿಲ ಬಳಿಯ ಬುಟ್ಟಿ ಗುಂಯ್ ಎಂದಿತು. ದಂಡಾಧಿಕಾರಿ ಬುಟ್ಟಿಯೊಳಗೆ ಕೈಯಾಡಿಸಿ ಒಂದು ಮೊಬೈಲು ಎತ್ತಿ ಹಿಡಿದ.

"ಇದ್ಯಾರದಪ್ಪ? 'ಅಕ್ಕ' ಅಂತ ಬರ್ತಿದೆ! ಯಾವ ತಮ್ಮನದು, ಎದ್ದು ದಂಡ ಕಟ್ಟಿ!"

ಮೇಸ್ತ್ರಿಯದೇ. ಬೆಳಿಗ್ಗೆ ಅಂಗಡಿಯಿಂದ ಹೊರಡುವಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. "ತಂತಿ ವಾಪಸ್ ತಂದು ನೇತುಹಾಕಿ ಆಮೇಲೆ ಸಭೆಗೆ ಹೋಗು" ಎಂದಿದ್ದಳು. "ಭಾಷಣದಲ್ಲಿ ತೋರಿಸ್ಬೇಕು ಅಕ್ಕ, ಜೇಬಲ್ಲೇ ಇಟ್ಕೋತೀನಿ" ಎಂದು ಅವನು ಪುಸಲಾಯಿಸಿದ್ದ. ಅಪ್ಪನ ಕಾಲದಿಂದ ಒಂದು ದಿನವೂ ಮುರಿಯದ ಕಟ್ಟಳೆ. ಅಕ್ಕ ಒಲ್ಲದ ಮನಸ್ಸಿನಿಂದ ದಾರಿ ಬಿಟ್ಟಿದ್ದಳು. "ಆಯ್ತು. ಊಟದ ಹೊತ್ತಿಗೆ ಫೋನ್ ಮಾಡ್ತೀನಿ. ತಂತಿ ಕೈಯಲ್ಲಿ ಹಿಡ್ಕೊಂಡು 'ಇದೆ' ಅನ್ನು. ಆಮೇಲೇ ಇವರಿಗೆ ಊಟ."

ಬುಟ್ಟಿ ಮತ್ತೆ ಗುಂಯ್ ಎಂದಿತು. ಅಕ್ಕ ಬಿಡುವವಳಲ್ಲ.

ಈಗ ಹೇಳಿಬಿಡಬೇಕು. ಅವನಿಗೆ ಗೊತ್ತಿತ್ತು. ಆದರೆ ಎದುರಿಗೆ ಊರಿನ ಅಂಗಡಿಗಳ, ಕಾರ್ಖಾನೆಗಳ, ಆಸ್ಪತ್ರೆಗಳ ಯಜಮಾನರೆಲ್ಲ ಕೂತಿದ್ದಾರೆ. ಅವರ ಕಟ್ಟಡಗಳಲ್ಲೆಲ್ಲ ಅವನ ಲಿಫ್ಟು. ಸದ್ದಿಲ್ಲದೆ ಹೊರಗೆ ಹೋದರೆ, ಒಂದು ಮೆಟ್ಟಿಲುಸಾಲು ಹತ್ತಿದರೆ, ತಂತಿ ಕಿತ್ತು ಜೇಬಿಗೆ ಹಾಕಿಕೊಂಡು ಬಂದರೆ ಮುಗಿಯಿತು. ಆಮೇಲೆ ಕೆಂಪು ಪಟ್ಟಿಯನ್ನು ಎತ್ತಿ ತೋರಿಸಿದರೆ ಚಪ್ಪಾಳೆಯೂ ಬೀಳುತ್ತದೆ. ಯಾರಿಗೂ ತಿಳಿಯುವುದಿಲ್ಲ.

"ಕ್ಷಮಿಸಿ, ಗಂಟಲು ಕಟ್ಟಿದೆ. ಸ್ವಲ್ಪ ನೀರು ಕುಡಿದು ಬಂದುಬಿಡ್ತೀನಿ."

"ಎಲ್ಲಿಗೆ ಹೊರಟ್ರಿ?" ದಂಡಾಧಿಕಾರಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡವಾದ. "ನೀರು ನಿಮ್ಮ ಮುಂದೇನೇ ಇದೆ ಮೇಸ್ತ್ರಿ. ಫೋನಿಗೊಂದು ದಂಡ, ಎದ್ದಿದ್ದಕ್ಕೊಂದು. ಭಾಷಣ ಮಾಡಿ ಹೋಗೋ ಹೊತ್ತಿಗೆ ಅಂಗಡಿ ಬರ್ಕೊಡ್ತೀರಾ ನೋಡಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಡಾಕ್ಟರು ತಾವೇ ಲೋಟಕ್ಕೆ ನೀರು ಸುರಿದು ಕೊಟ್ಟರು. ಅವರ ಕಣ್ಣಲ್ಲಿ ಪ್ರೀತಿಯಿತ್ತು. ಮೇಸ್ತ್ರಿ ನೀರು ಕುಡಿದ. ಕುಡಿಯುವಷ್ಟು ಹೊತ್ತೂ ಗೋಡೆಯಾಚೆಯ ಸದ್ದನ್ನೇ ಕೇಳುತ್ತಿದ್ದ. ಲಿಫ್ಟು ನಿಂತಿತ್ತು. ಹಗ್ಗಗಳ ಗುನುಗು ಇಲ್ಲ. ದೇವರೇ, ಹೀಗೇ ನಿಂತಿರಲಿ.

ಆಗ ಹೋಟೆಲಿನ ಮ್ಯಾನೇಜರು ಒಳಗೆ ಬಂದ. ಬಗ್ಗಿ ಡಾಕ್ಟರ ಕಿವಿಯಲ್ಲಿ ಹೇಳಿದ ಮಾತು ಮೇಸ್ತ್ರಿಯ ಕಿವಿಗೂ ಬಿತ್ತು.

"ಅಮ್ಮಾವ್ರು ಕೆಳಗೆ ಬಂದ್ರು ಸರ್. ಲಿಫ್ಟಿಗೆ ಹತ್ತಿಸ್ತಾ ಇದಾರೆ."

ಲೋಟ ಮೇಜಿನ ಅಂಚಿಗೆ ತಗುಲಿತು.

"ಲಿಫ್ಟ್ ನಿಲ್ಲಿಸಿ," ಎಂದ ಮೇಸ್ತ್ರಿ.

ಯಾರೋ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವರೊಬ್ಬರು ಪಕ್ಕದವರಿಗೆ, "ಏನ್ ಮಾತಾಡ್ತಾನೆ ಕಣ್ರೀ, ಮೈ ಜುಂ ಅಂತು" ಎಂದರು. ಅವರಿಗೆ ಅದು ಭಾಷಣದ ಮುಂದಿನ ಸಾಲು.

"ಭಾಷಣ ಅಲ್ಲ ಸ್ವಾಮಿ!" ಅವನ ದನಿ ಒಡೆಯಿತು. "ನಾನು ಹೇಳಿದ ಆ ತಂತಿ ಈ ಲಿಫ್ಟಲ್ಲೇ ಉಳಿದಿದೆ. ಬಿಟ್ಟು ಬಂದೋನು ನಾನೇ. ಯಾರೂ ಗುಂಡಿ ಒತ್ತಬೇಡಿ. ಅಮ್ಮನ್ನ ಹತ್ತಿಸಬೇಡಿ ಅಂತ ಹೇಳಿ, ಓಡಿ!"

ಮೊದಲು ಅಲುಗಿದವನು ದಂಡಾಧಿಕಾರಿ. ಬುಟ್ಟಿ ಅವನ ಕೈಯಿಂದ ಬಿತ್ತು, ಮೊಬೈಲುಗಳು ನೆಲದ ತುಂಬ ಚದುರಿದವು. ತನ್ನ ದೊಡ್ಡ ಹೊಟ್ಟೆಯನ್ನೂ ಲೆಕ್ಕಿಸದೆ ಅವನು ಮೆಟ್ಟಿಲು ಇಳಿಯತೊಡಗಿದ. "ನಿಲ್ಸಿ! ನಿಲ್ಸ್ರೋ!" ಎಂಬ ಕೂಗು ಸುತ್ತುತ್ತ ಕೆಳಗಿಳಿಯಿತು.

ಡಾಕ್ಟರು ಓಡಿ ಬಂದು ಲಿಫ್ಟಿನ ಜಾಲರಿ ಹಿಡಿದು ಆಳಕ್ಕೆ ಬಗ್ಗಿ ಕಿರುಚಿದರು. "ಬಾಗಿಲು ಮುಚ್ಚಬೇಡಿ! ತೆಗೆದೇ ಹಿಡ್ಕೊಳ್ಳಿ, ಆಗ ಅಲುಗಲ್ಲ!"

"ತೆಗೆದಿದ್ರೂ ಅದು ಈಗ ಓಡುತ್ತೆ ಡಾಕ್ಟ್ರೇ," ಎಂದ ಮೇಸ್ತ್ರಿ. ಅಷ್ಟು ಹೇಳುವಾಗಲೇ ಜಾಲರಿಯೊಳಗೆ ಹಗ್ಗಗಳು ನಡುಗಿದವು, ಬಿಗಿದವು, ಮೆಲ್ಲಗೆ ಜರುಗತೊಡಗಿದವು.

ಯಾರೋ ಗುಂಡಿ ಒತ್ತಿದ್ದರು.

ಅವನು ಮೇಲಕ್ಕೆ ಓಡಿದ. ಹೊಸ ಕೋಟಿನ ಕಂಕುಳ ಹೊಲಿಗೆ ಪರ್ ಎಂದು ಹರಿಯಿತು. ತಾರಸಿಯ ಬಿಸಿಲು ಮುಖಕ್ಕೆ ಹೊಡೆಯಿತು. ಯಂತ್ರದ ಕೋಣೆಯ ಬೀಗದಕೈ ಚೀಲದಲ್ಲಿದೆ, ಚೀಲ ಕೆಳಗಿದೆ ಎಂಬುದು ಆಗ ಹೊಳೆಯಿತು. ಆದರೆ ಬಾಗಿಲಿಗೆ ಬೀಗವೇ ಇರಲಿಲ್ಲ. ಬೆಳಿಗ್ಗೆಯ ಅವಸರದಲ್ಲಿ ಅದನ್ನೂ ಮರೆತಿದ್ದ. ಕೆಲಸಗಾರ ಯಾರಾದರೂ ಹಾಗೆ ಬಿಟ್ಟಿದ್ದರೆ ಅವನು ವಾರವಿಡೀ ಬಯ್ಯುತ್ತಿದ್ದ. ಇಂದು ಆ ಮರೆವಿಗೇ ಕೈಮುಗಿಯುವ ಹಾಗಾಯಿತು.

ಒಳಗೆ ದೊಡ್ಡ ಚಕ್ರ ತಿರುಗುತ್ತಿತ್ತು. ಅವನು ಗೋಡೆಯ ಮುಖ್ಯ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆ ಎಳೆದ.

ಚಕ್ರ ನಿಂತಿತು. ಮೌನ. ಅಪ್ಪನ ಪದ್ಯದ ಸಾಲುಗಳ ನಡುವೆಯೂ ಇಂಥ ಮೌನ ಇರುತ್ತಿತ್ತು. ಆದರೆ ಅಲ್ಲಿ ಮುಂದಿನ ಸಾಲು ಬರುತ್ತದೆಂದು ಗೊತ್ತಿರುತ್ತಿತ್ತು. ಪೆಟ್ಟಿಗೆ ತೆರೆದ. ಕೆಂಪು ಪಟ್ಟಿ ಅಲ್ಲೇ, ಮಡಚಿಕೊಂಡು, ಏನೂ ಅರಿಯದ ಹಾಗೆ ತೂಗುತ್ತಿತ್ತು. ಕಿತ್ತು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲತ್ತ ಓಡಿದ. ಕೆಳಗಿನಿಂದ ಸದ್ದೇ ಇಲ್ಲ. ಅಳುವಾದರೂ ಕೇಳಿಸಬಾರದೇ ಎಂದು ಅವನ ಮನಸ್ಸು ಬೇಡಿತು, ಮರುಕ್ಷಣ ಹಾಗೆ ಬೇಡಿದ್ದಕ್ಕೆ ಹೆದರಿತು.

ಕೆಳಗಿನ ಹಜಾರದಲ್ಲಿ ಜನ ಗುಂಪುಗಟ್ಟಿದ್ದರು. ಲಿಫ್ಟು ನೆಲದಿಂದ ಒಂದು ಗೇಣು ಮೇಲಕ್ಕೆದ್ದು ನಿಂತಿತ್ತು. ಗಾಲಿಕುರ್ಚಿಯ ಮುಂದಿನ ಗಾಲಿಗಳು ಲಿಫ್ಟಿನೊಳಗೆ, ಹಿಂದಿನವು ಹೊರಗೆ. ಕುರ್ಚಿ ಹಿಂದಕ್ಕೆ ವಾಲಿತ್ತು. ದಂಡಾಧಿಕಾರಿ ಅದರ ಹಿಡಿಕೆಗಳನ್ನು ಎದೆಗೆ ಒತ್ತಿಕೊಂಡು, ಮಂಡಿಯೂರಿ, ಕಣ್ಣು ಮುಚ್ಚಿಕೊಂಡಿದ್ದ. ಕುರ್ಚಿಯಲ್ಲಿ ಡಾಕ್ಟರ ತಾಯಿ ಸೂರು ನೋಡುತ್ತ ಮಲಗಿದ ಹಾಗಿದ್ದರು. ಆರೈಕೆಯ ಹೆಂಗಸು ಗೋಡೆಗೆ ಒರಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನಡು ಮಹಡಿಯಿಂದ ಸಪ್ಲೈಯರೊಬ್ಬ ಬಗ್ಗಿ, "ಐಸ್‌ಕ್ರೀಮ್ ಮೇಲಕ್ಕೆ ಒಯ್ಯೋಣ ಅಂತ ಒತ್ತಿದೆ, ನನಗೇನ್ ಗೊತ್ತು" ಎನ್ನುತ್ತಲೇ ಇದ್ದ.

ಮೇಸ್ತ್ರಿ ಗಾಲಿಗಳನ್ನು ಎತ್ತಿದ, ದಂಡಾಧಿಕಾರಿ ಹಿಂದಕ್ಕೆಳೆದ. ಕುರ್ಚಿ ನೆಲಕ್ಕೆ ಬಂತು.

ಆ ತಾಯಿ ಸೆರಗು ಸರಿಮಾಡಿಕೊಂಡರು.

"ನಂಬಿಕೆ ಬಗ್ಗೆ ಮಾತಾಡೋಕೆ ಬಂದೋನು ನೀನೇನಾ?"

"ಹೌದಮ್ಮ."

"ಮುಗೀತಾ?"

"ಇಲ್ಲಮ್ಮ. ನಡುವೆ ನಿಂತುಹೋಯ್ತು."

"ನನ್ನ ಒಂದು ಚಪ್ಪಲಿ ಲಿಫ್ಟಿನ ಕೆಳಗಿನ ಹಳ್ಳದೊಳಗೆ ಬಿತ್ತು. ಮೊದಲು ಅದನ್ನ ತೆಗೆದುಕೊಡು."

ಅವನು ನೆಲಕ್ಕೆ ಮಲಗಿ, ಲಿಫ್ಟಿನ ಅಡಿಯ ಸಂದಿಯಲ್ಲಿ ತೋಳು ಇಳಿಬಿಟ್ಟು ಚಪ್ಪಲಿ ತೆಗೆದ. ಎಣ್ಣೆ ಹತ್ತಿತ್ತು. ಹರಿದ ಕೋಟಿನ ತೋಳಿನಿಂದಲೇ ಒರೆಸಿ, ಅವರ ಕಾಲಿಗೆ ಹಾಕಿದ. ಕಾಲು ತಣ್ಣಗಿತ್ತು.

ಮೊದಲೇ ಇಳಿದು ಬಂದು ತಾಯಿಯ ಭುಜ ಹಿಡಿದು ನಿಂತಿದ್ದ ಡಾಕ್ಟರು ಈಗ ಮುಂದಕ್ಕೆ ಬಂದರು. ತಾಯಿಯ ನಾಡಿ ಹಿಡಿದು ನೋಡಿದರು. ಆಮೇಲೆ ಮೇಸ್ತ್ರಿಯ ಮುಷ್ಟಿಯಲ್ಲಿದ್ದ ಕೆಂಪು ಪಟ್ಟಿಯನ್ನು ನೋಡಿದರು.

"ಮರೆವು ಎಲ್ಲರಿಗೂ ಇದೆ," ಎಂದರು, ಮೆಲ್ಲಗೆ. "ನನಗೂ ಇದೆ. ಆದ್ರೆ ಒಂದು ಹೇಳಿ. ನೀರು ಬೇಕು ಅಂದ್ರಲ್ಲ, ಆಗಲೇ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಯಾರು ಕಂಡವರು?

"ಅನುಮಾನ ಬಂದಿತ್ತು. ಮರ್ಯಾದೆ ಹೋಗುತ್ತೆ ಅಂತ ನೀರು ಕೇಳಿದೆ."

ದಂಡಾಧಿಕಾರಿ ನೆಲ ನೋಡಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆಸ್ಪತ್ರೆ ಲಿಫ್ಟುಗಳ ವಿಷಯ ನಾನು ಯೋಚನೆ ಮಾಡ್ಬೇಕು," ಎಂದು ಹೇಳಿ ತಾಯಿಯ ಕುರ್ಚಿಯನ್ನು ತಾವೇ ತಳ್ಳಿಕೊಂಡು ಕಾರಿನತ್ತ ಹೋದರು. ಫಲಕ ಮೇಲಿನ ಮಹಡಿಯಲ್ಲಿ ಬಟ್ಟೆ ಹೊದ್ದುಕೊಂಡೇ ಉಳಿಯಿತು.

ಮೇಸ್ತ್ರಿ ಕೆಲಸದ ಬಟ್ಟೆ ಹಾಕಿಕೊಂಡು, ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಮುಚ್ಚಿ, ಲಿಫ್ಟು ಸರಿಯಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ಯಂತ್ರದ ಕೋಣೆಗೆ ಬೀಗ ಹಾಕಿ, ಅಂಗಡಿಗೆ ನಡೆದ.

ಅಂಗಡಿಯಲ್ಲಿ ಕೆಲಸಗಾರರು ಬುತ್ತಿಯ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಒಂದೂ ತೆರೆದಿರಲಿಲ್ಲ. ಅವನನ್ನು ಕಂಡೊಡನೆ ಒಬ್ಬ, "ಅಬ್ಬಾ, ಬಂದ್ರಾ ಮೇಸ್ತ್ರಿ! ಹೊಟ್ಟೆ ಬೆನ್ನಿಗೆ ಹತ್ತಿತ್ತು" ಎಂದ. ಅಕ್ಕ ಮೇಜಿನ ಹಿಂದಿನಿಂದ ಎದ್ದಳು. ತಮ್ಮನ ಮುಖ ನೋಡಿದಳು, ಕೈಯಲ್ಲಿದ್ದ ತಂತಿ ನೋಡಿದಳು. ಮಿಕ್ಕಿದ್ದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ಅವನು ತಂತಿಯನ್ನು ಮೊಳೆಗೆ ಹಾಕಲಿಲ್ಲ. ಅಕ್ಕನ ಮೇಜಿನ ಮೇಲಿಟ್ಟ. ಗೋಡೆಯ ಮೂಲೆಯಿಂದ ಇಕ್ಕಳ ಎತ್ತಿಕೊಂಡ.

ಅಪ್ಪನ ಕಟ್ಟಳೆಗೆ ಇನ್ನರ್ಧ ಇತ್ತು. ಸಭೆಯಲ್ಲಿ ಅದನ್ನು ಅವನು ಹೇಳಿರಲಿಲ್ಲ. ತಂತಿ ಬಿಟ್ಟುಬಂದವನ ಮೊಳೆ ಗೋಡೆಯ ಮೇಲಿರುವುದಿಲ್ಲ. ಮತ್ತೆ ಹೊಡೆಯುವ ತನಕ ಅವನು ಇನ್ನೊಬ್ಬರ ಚೀಲ ಹೊತ್ತು ಕೆಲಸಕ್ಕೆ ಹೋಗಬೇಕು, ಯಂತ್ರದ ಪೆಟ್ಟಿಗೆ ಮುಟ್ಟುವಂತಿಲ್ಲ. ಮತ್ತೆ ಹೊಡೆಯುವುದು ಯಾವಾಗ ಎಂಬುದು ಅಪ್ಪನ ಮಾತು. ಅಪ್ಪ ಹೋದ ಮೇಲೆ ಅಕ್ಕನ ಮಾತು.

"ಮೇಸ್ತ್ರಿ, ನಿಮಗೂನಾ?" ಕೆಲಸಗಾರರಲ್ಲಿ ಹಿರಿಯನಾದವನು ಎದ್ದು ನಿಂತ. "ಬಿಡಿ ಅಕ್ಕಾ, ಅಂಗಡಿ ಯಜಮಾನ್ರು ಅವರು. ನಿಮ್ಮ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು."

ಅಕ್ಕನ ಬಾಯಲ್ಲಿ ಮಾತು ಬರಲಿಲ್ಲ. ಕಣ್ಣು ತುಂಬಿ ಬಂತು, ಅಷ್ಟೇ. ಮೊಳೆ ಹಳೆಯದು, ಅಪ್ಪ ಹೊಡೆದದ್ದು. ಸುಲಭಕ್ಕೆ ಬರಲಿಲ್ಲ. ಮೇಸ್ತ್ರಿ ಇಕ್ಕಳವನ್ನು ಅತ್ತಿತ್ತ ತಿರುವಿ, ಉಸಿರು ಬಿಗಿಹಿಡಿದು ಎಳೆದ. ಸುಣ್ಣದ ಪುಡಿ ಉದುರಿ ಮೊಳೆ ಕೈಗೆ ಬಂತು. ಗೋಡೆಯಲ್ಲಿ ಒಂದು ತೂತು. ಅದರ ಕೆಳಗೆ, ವರ್ಷಗಟ್ಟಲೆ ತಂತಿ ತೂಗಿ ಸವೆದ, ಅರ್ಧಚಂದ್ರದಂಥ ಒಂದು ಗೆರೆ.

ಅಕ್ಕ ಮೊಳೆ ಮತ್ತು ತಂತಿ ಎರಡನ್ನೂ ಮೇಜಿನ ಖಾನೆಗೆ ಹಾಕಿ ಬೀಗ ತಿರುವಿದಳು.

"ಎಲ್ಲ ಊಟಕ್ಕೆ ಕೂತ್ಕೊಳ್ಳಿ," ಎಂದಳು. ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು ಒಂದೊಂದಾಗಿ ಕೇಳಿಸಿತು. ತನ್ನ ಡಬ್ಬಿಯನ್ನು ತಮ್ಮನ ಮುಂದೆ ಸರಿಸಿ, ಅರ್ಧ ಭಾಗಮಾಡಿದಳು. "ನಿಂಗೆ ಅಲ್ಲಿ ಊಟ ಸೇರಿರಲ್ಲ. ತಿನ್ನು. ಭಾಷಣ ಹೇಗಾಯ್ತು ಅಂತ ನಾನು ಕೇಳಲ್ಲ."

"ಕೇಳು ಅಕ್ಕ," ಎಂದ ಅವನು. "ಎಲ್ಲರೂ ಕೇಳಿ."

ಕೈಗೆತ್ತಿಕೊಂಡಿದ್ದ ತುತ್ತನ್ನು ಅವನು ಹಾಗೇ ಕೆಳಗಿಟ್ಟ. ತಂತಿ ಮರೆತದ್ದರಿಂದ ಶುರುಮಾಡಲಿಲ್ಲ. ನೀರು ಕೇಳಿದ್ದರಿಂದ ಶುರುಮಾಡಿದ.